ಕಾಲು ಭಾಗ ನೀರು

ಮೂರನೇ ಸಲ ಎಳೆದಾಗ ನೀರು ಬಂತು. ನೇರ ತಿಮ್ಮರಾಜುವಿನ ಬಾಯಿಗೇ ಬಂತು. ಉಗುಳಬೇಕು ಎಂದು ಹೊಳೆಯುವ ಹೊತ್ತಿಗೆ ಅರ್ಧ ಗಂಟಲು ದಾಟಿತ್ತು. ಪೈಪಿನ ತುದಿಯನ್ನು ಬಕೆಟ್ಟಿಗೆ ಬಿಟ್ಟು, ಕೆಮ್ಮುತ್ತಾ, ತೊಟ್ಟಿಯ ಗಾಜಿನ ಮೇಲೆ ತಾನೇ ಮಾರ್ಕರಿನಿಂದ ಎಳೆದಿದ್ದ ಗೆರೆಯನ್ನು ನೋಡಿದ. ನೀರು ಆ ಗೆರೆಯವರೆಗೆ ಇಳಿಯಬೇಕು. ಒಂದು ಬೆರಳು ಹೆಚ್ಚೂ ಕೂಡದು, ಕಡಿಮೆಯೂ ಕೂಡದು.

"ಕುಡುದ್ಯಾ?" ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ದೊಡ್ಡಮುನಿಯಮ್ಮ ಕೇಳಿದಳು.

"ಇಲ್ಲ."

"ಕುಡುದೆ. ಗಂಟ್ಲು ಆಡಿದ್ದು ನೋಡ್ದೆ ನಾನು. ಪುರಟಾಸಿ ತಿಂಗ್ಳ ಶನಿವಾರ ಕಣ್ಲಾ ಇವತ್ತು. ಮೊಟ್ಟೆ ಕೂಡ ಮನೆಯೊಳಕ್ಕೆ ತರಂಗಿಲ್ಲ. ನೀನು ಮೀನು ಕುಡುದ್ಯಲ್ಲಾ."

"ಮೀನು ಕುಡೀಲಿಲ್ಲಮ್ಮಾ. ನೀರು."

"ಮೀನು ಬೇಯಿಸಿದ ನೀರ್ಗೆ ಏನಂತಾರೆ? ಸಾರು. ಬೇಯಿಸ್ದೇ ಇದ್ರೆ ಅದು ಅಸೀ ಸಾರು. ಬಾಯಿಗೆ ಎರಡು ತುಳ್ಸಿ ಆಕ್ಕೊಂಡು ಆಮ್ಯಾಕೆ ನನ್ನ ಜೊತೆ ಮಾತಾಡು."

ನೀರು ಗೆರೆ ಮುಟ್ಟಿತ್ತು. ತಿಮ್ಮರಾಜು ಪೈಪನ್ನು ಚಕ್ಕನೆ ಮೇಲೆತ್ತಿದ. ತೊಟ್ಟಿಯಲ್ಲಿ ಉಳಿದ ಮುಕ್ಕಾಲು ಭಾಗ ಮಂಜು ಕವಿದ ನೀರಿನಲ್ಲಿ ಒಂದು ಕಿತ್ತಳೆ ಬಣ್ಣದ ಮೀನು ಮೇಲಕ್ಕೆ ಬಂದು, ಬಾಯಿ ತೆರೆದು ಮುಚ್ಚಿ, ಮತ್ತೆ ತೆರೆಯಿತು. ಅದರ ಬಲಗಣ್ಣಿನ ಮೇಲೆ ಸಾಸಿವೆಯಷ್ಟು ಕಪ್ಪು ಮಚ್ಚೆ ಇತ್ತು.

ಒಂಬತ್ತು ದಿನದ ಹಿಂದೆ ಸಾವ್ಕಾರ ಸುಬ್ಬರಾಯನ್ ಈ ತೊಟ್ಟಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಪೊನ್ನಮ್ಮಾಪೇಟೆಯ ಆ ಓಣಿಯ ಹನ್ನೊಂದು ಮಗ್ಗಗಳಿಗೂ ನೂಲು ಕೊಡುವವನು ಅವನೇ, ನೇಯ್ದ ಸೀರೆ ತೆಗೆದುಕೊಳ್ಳುವವನೂ ಅವನೇ. ಅಂಥವನು ಕಾರಿನಿಂದಿಳಿದು, ತಿಮ್ಮರಾಜುವಿನ ಹೆಗಲ ಮೇಲೆ ಕೈಯಿಟ್ಟು, "ಯೋಚ್ನೆ ಮಾಡಿ ನಿನ್ನ ಕೈಗೇ ಕೊಡ್ತಾ ಇವ್ನಿ ತಿಮ್ಮರಾಜು. ಬ್ಯಾರೆ ಯಾರಿಗೂ ಕೊಡಾಕೆ ಮನಸ್ಸು ಒಪ್ಪಲಿಲ್ಲ. ಅಮಾಸೆ ಮುಂಚಿನ ದಿವ್ಸ ಸಂಜೆ ಬಂದು ನೋಡ್ತೀನಿ" ಎಂದಿದ್ದ.

ಓಣಿಗೆ ಇದು ಅರ್ಥವಾಗಲಿಲ್ಲ. ತಿಮ್ಮರಾಜು ಸಾಕಿದ ಗಿಳಿ ನಾಲ್ಕನೇ ದಿನ ಸತ್ತಿತ್ತು. ಕೋಳಿಗಳು ಅಷ್ಟೂ ದಿನ ತಡೆದಿರಲಿಲ್ಲ. ನುಗ್ಗೆ ಕಡ್ಡಿ ತಿಪ್ಪೆಯಲ್ಲಿ ಬಿದ್ದರೂ ಚಿಗುರುತ್ತದೆ, ಅವನ ಹಿತ್ತಿಲಲ್ಲಿ ಮಾತ್ರ ಒಣಗಿತ್ತು. ಆದರೆ ತಿಮ್ಮರಾಜುವಿಗೆ ಅರ್ಥವಾಗಿತ್ತು. ಸಾವ್ಕಾರ ಓಮಲೂರಿನಲ್ಲಿ ಪವರ್‌ಲೂಮ್ ಶೆಡ್ಡು ಕಟ್ಟಿಸಿದ್ದ. ಅದಕ್ಕೊಬ್ಬ ಸೂಪರ್‌ವೈಸರ್ ಬೇಕಿತ್ತು. ಸೂಪರ್‌ವೈಸರಿಗೆ ಕುರ್ಚಿ ಇರುತ್ತದೆ. ಆ ಕುರ್ಚಿಯನ್ನು ತಿಮ್ಮರಾಜು ಕಣ್ಣಾರೆ ನೋಡಿದ್ದ: ಕಪ್ಪು ಬಣ್ಣದ್ದು, ತಿರುಗುವಂಥದ್ದು, ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆಯದ್ದು.

ಇಪ್ಪತ್ತನಾಲ್ಕು ವರ್ಷದಿಂದ ಅವನು ಗುಳಿಮಗ್ಗದಲ್ಲಿ ಕೂತು ನೇಯುತ್ತಿದ್ದ. ಸೊಂಟದಿಂದ ಮೇಲೆ ಮನೆಯಲ್ಲಿ, ಸೊಂಟದಿಂದ ಕೆಳಗೆ ಭೂಮಿಯೊಳಗೆ. ಈಗೀಗ ಮಂಡಿಗಳು ಗುಳಿಯಿಂದ ಏಳುವಾಗ ಒಂದು ಸದ್ದು, ಇಳಿಯುವಾಗ ಇನ್ನೊಂದು ಸದ್ದು ಮಾಡುತ್ತಿದ್ದವು. ಒಂದು ಜೀವವನ್ನು ಒಂಬತ್ತು ದಿನ ಕಾಪಾಡಿದವನು ಇಪ್ಪತ್ತು ಪವರ್‌ಲೂಮ್ ಕಾಪಾಡಲಾರನೇ? ಸಾವ್ಕಾರ ಪರೀಕ್ಷೆ ಮಾಡುತ್ತಿದ್ದಾನೆ. ಅಮಾವಾಸ್ಯೆ ನಾಳೆ. ಪರೀಕ್ಷೆ ಇವತ್ತು ಸಂಜೆ ಮುಗಿಯುತ್ತದೆ.

ಹೆಂಡತಿ ಚಂದ್ರಿಕಾ ತಂಗಿಯ ಬಾಣಂತನಕ್ಕೆಂದು ಹರೂರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಹಾಗಾಗಿ ಮೀನಿನ ವಿಷಯದಲ್ಲಿ ತಿಮ್ಮರಾಜುವಿಗೆ ಬುದ್ಧಿ ಹೇಳುವವನು ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಸಾಕುವ ಮೀನಿನ ಅಂಗಡಿ ಇಟ್ಟಿದ್ದ ಇಳಂಗೋ ಒಬ್ಬನೇ.

ನಿನ್ನೆ ನೀರು ಕದಡಿ, ಮೀನು ಬಾಯಿ ಬಾಯಿ ಬಿಡತೊಡಗಿದಾಗ ಫೋನಿನಲ್ಲಿ ಅವನು ಹೇಳಿದ್ದ: "ಹೊಸ ತೊಟ್ಟೀಲಿ ಹಂಗೇ ಆಗುತ್ತಣ್ಣಾ. ಪೂರ್ತಿ ನೀರು ಮಾತ್ರ ಬದಲಾಯಿಸ್ಬೇಡ, ಮೀನು ಷಾಕ್ ಆಗುತ್ತೆ. ಕಾಲು ಭಾಗ ತೆಗಿ, ಕಾಲು ಭಾಗ ಹಾಕು. ನಲ್ಲಿ ನೀರು ಡೈರೆಕ್ಟಾ ಬೇಡ. ಮೇಟೂರು ನೀರಲ್ಲಿ ಬ್ಲೀಚಿಂಗ್ ಇರುತ್ತೆ. ಬಾಯಿ ತೆರೆದ ಪಾತ್ರೇಲಿ ಒಂದು ದಿವ್ಸ ಆರಾಕು. ಕಾಲು ಭಾಗ, ಗ್ಯಾಪಕ ಇರ್ಲಿ."

ತಿಮ್ಮರಾಜು ಅಂಗಳದಲ್ಲಿ ದೊಡ್ಡ ಅಲ್ಯುಮಿನಿಯಂ ಹಂಡೆಯ ತುಂಬ ನಲ್ಲಿ ನೀರು ಹಿಡಿದು ಆರಲು ಇಟ್ಟಿದ್ದ. ಈಗ ಬಿಂದಿಗೆ ಹಿಡಿದು ಹೊರಗೆ ಹೋದ. ಬೆಳಕು ಪೂರ್ತಿ ಹರಿದಿರಲಿಲ್ಲ. ಮೊಗೆದ, ತಂದ, ತೊಟ್ಟಿಗೆ ನಿಧಾನವಾಗಿ ಸುರಿದ. ಎರಡನೇ ಬಿಂದಿಗೆ ಸುರಿಯುವಾಗ ಅವನಿಗೆ ಒಂದು ಸಂಗತಿ ವಿಚಿತ್ರವೆನಿಸಿತು. ನೀರು ಬೀಳುವ ಸದ್ದು ಬರುತ್ತಿರಲಿಲ್ಲ.

ಲೈಟು ಹಾಕಿದ. ತೊಟ್ಟಿಯಲ್ಲಿ ಸಾಬಕ್ಕಿ ಪಾಯಸ ಇತ್ತು. ಮೀನು ಅದರಲ್ಲಿ ದ್ರಾಕ್ಷಿಯ ಹಾಗೆ ಒಮ್ಮೆ ತೇಲಿ ಒಮ್ಮೆ ಮುಳುಗಿತು.

"ಅಮ್ಮಾ! ಅಂಡೇಲಿ ಏನಾಕಿದೆ?"

"ಗಂಜಿ," ಅಂದಳು ದೊಡ್ಡಮುನಿಯಮ್ಮ. "ಇನ್ನೇನಾಕ್ತಾರೆ?"

"ಅದು ಮೀನಿನ ನೀರು!"

"ಅಂಗಳದಾಗೆ ಅಂಡೇಲಿ ನೀರು ನಿಂತೈತೆ. ಬೀದೀಲಿ ಮುನುಸ್ವಾಮಿ ಪಾವು ಕಟ್ಟವ್ನೆ. ಐವತ್ತು ವರ್ಸದಿಂದ ಈ ಬೀದೀಲಿ ಯಾರು ಪಾವು ಕಟ್ಟಿದ್ರೂ ಗಂಜಿ ಕಲಸೋಳು ನಾನು. ನಿನ್ನ ಮೀನು ಬಂದು ಒಂಬತ್ತು ದಿವ್ಸ ಆಯ್ತು. ನಾನು ಯಾರ ಮಾತು ಕೇಳ್ಲಿ?"

ಮಾತು ನ್ಯಾಯವಾಗಿಯೇ ಇತ್ತು. ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ. ಆದ್ದರಿಂದ ಹಿಂದಿನ ದಿನವೇ ಪಕ್ಕದ ಮನೆಯ ಮುನುಸ್ವಾಮಿ ತನ್ನ ಸೀರೆಗಳ ಹಾಸಿನ ನೂಲನ್ನು, ಅಂದರೆ ಪಾವನ್ನು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎಳೆದು ಕಟ್ಟಿದ್ದ. ಬಿಸಿಲೇರುವ ಮುಂಚೆ ಅದಕ್ಕೆ ಅಕ್ಕಿ ಗಂಜಿ ಹಚ್ಚಿ ಬಾಚಬೇಕು. ಇಲ್ಲವಾದರೆ ಮಗ್ಗದಲ್ಲಿ ನೂಲು ಮಾತುಮಾತಿಗೆ ಹರಿಯುತ್ತದೆ. ಓಣಿಯ ಹತ್ತು ಜನ ಕುಂಚ ಹಿಡಿದು ಎರಡೂ ಕಡೆ ನಿಂತಾಗಿತ್ತು. ಗಂಜಿ ಬಂದಿರಲಿಲ್ಲ.

"ಏನ್ ಚಿಕ್ಕಮ್ಮಾ, ಗಂಜಿ ಎಲ್ಲಿ?" ಎನ್ನುತ್ತಾ ಮುನುಸ್ವಾಮಿ ಒಳಗೆ ಬಂದ. ತೊಟ್ಟಿಯನ್ನು ನೋಡಿದ. ಬಗ್ಗಿ ಇನ್ನೊಮ್ಮೆ ನೋಡಿದ. "ಲೇ ತಿಮ್ಮ, ನನ್ನ ಗಂಜೀಲಿ ಮೀನು ಬಿಟ್ಟಿದ್ಯಾ?"

"ನಿನ್ನ ಗಂಜಿ ನನ್ನ ಮೀನಿಗೆ ಬಂದೈತೆ."

"ಅರ್ಧ ಅಂಡೆ ಗಂಜಿ ಇದ್ರೊಳಗೈತಲ್ಲೋ! ಎತ್ತು. ತೊಟ್ಟೀನ ಬೀದಿಗೆ ಎತ್ತು. ಮೀನು ತೆಗ್ದು ಬಾಯಿಗಾಕ್ಕೋ, ಗಂಜಿ ಕೊಡು ನಂಗೆ."

"ಮೀನಿನ ವಾಸ್ನೆ ಸೀರೆ ಯಾವಳು ಉಡ್ತಾಳೆ?" ದೊಡ್ಡಮುನಿಯಮ್ಮ ಕೇಳಿದಳು. "ಅದೂ ಪುರಟಾಸೀಲಿ. ಅಂಡೇಲಿರೋ ಅರ್ಧ ತಗೊಂಡೋಗು, ನೀರಾಕಿ ತೆಳು ಮಾಡ್ಕೋ."

ಅಷ್ಟರಲ್ಲಿ ಎದುರು ಮನೆಯ ಪೂಂಗೊಡಿ ಖಾಲಿ ಕೊಡ ಹಿಡಿದು ಬಂದಳು. ಅವಳ ಮನೆಮಾತು ತಮಿಳು. ಈ ಓಣಿಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷದಲ್ಲಿ ಕನ್ನಡ ಕಲಿತಿದ್ದಳು, ಬೇಕಾದಾಗ ಮಾತ್ರ ಮರೆಯುತ್ತಿದ್ದಳು. ಮೀನಿನ ತೊಟ್ಟಿಯಿಂದ ತೆಗೆದ ನೀರು ಗಿಡಕ್ಕೆ ಒಳ್ಳೆಯದೆಂದು ಎಲ್ಲೋ ನೋಡಿದ್ದಳು. ಅವಳ ಮಲ್ಲಿಗೆ ಬಳ್ಳಿ ಎರಡು ತಿಂಗಳಿಂದ ಮೊಗ್ಗು ಬಿಟ್ಟಿರಲಿಲ್ಲ.

"ಅಣ್ಣಾ, ಆ ಪಳಯ ತಣ್ಣಿ ನಂಗೆ ಅಂತ ನಿನ್ನೇನೇ ಹೇಳಿದ್ದೆ. ಅಯ್ಯಯ್ಯೋ, ಇದೇನಣ್ಣಾ ಇಷ್ಟು ವೆಳ್ಳೆ! ಪೂರಾ ಚೆಲ್ಲಿ ಬೇರೆ ನೀರು ಹಾಕಿ."

"ಪೂರಾ ಚೆಲ್ಲಂಗಿಲ್ಲ. ಕಾಲು ಭಾಗ."

"ಯಾಕೆ?"

"ಮೀನು ಷಾಕ್ ಆಗುತ್ತೆ."

ನಾಲ್ವರೂ ತೊಟ್ಟಿಯೊಳಗಿನ ಪಾಯಸವನ್ನು ನೋಡಿದರು. ಇದಕ್ಕಿಂತ ಹೆಚ್ಚಿನ ಷಾಕ್ ಏನಿರಬಹುದು ಎಂದು ಯಾರೂ ಕೇಳಲಿಲ್ಲ.

ತಿಮ್ಮರಾಜು ಇಳಂಗೋಗೆ ಫೋನು ಮಾಡಿದ. ಎತ್ತಲಿಲ್ಲ. ಅಂಗಡಿ ತೆರೆಯುವುದು ಹತ್ತಕ್ಕೆ. ಇನ್ನೊಮ್ಮೆ ಮಾಡಿದ. ಇನ್ನೂ ಎಂಟು ಸಲ ಮಾಡಿದ. ಅವನು ಫೋನು ಕಿವಿಗಿಟ್ಟುಕೊಂಡು ಅಂಗಳದಲ್ಲಿ ಸುತ್ತುತ್ತಿದ್ದಾಗ ಮುನುಸ್ವಾಮಿ ಮನೆಗೆ ಹೋಗಿ ಬಂದ. ಕೈಯಲ್ಲಿ ಕಲ್ಲುಸಕ್ಕರೆಯಂಥ ಒಂದು ಗಟ್ಟಿ ಇತ್ತು, ನಿಂಬೆಹಣ್ಣಿನಷ್ಟು ದೊಡ್ಡದು.

"ಏನಿದು?"

"ಪಟಿಕ. ಎಂಟು ವರ್ಸ ಬಣ್ಣದ ತೊಟ್ಟೀಲಿ ಕೆಲ್ಸ ಮಾಡಿದೋನು ನಾನು. ನೂಲಿಗೆ ಬಣ್ಣ ಕಚ್ಬೇಕಾದ್ರೂ ಪಟಿಕ, ನೀರು ತಿಳಿಯಾಗ್ಬೇಕಾದ್ರೂ ಪಟಿಕ. ಕಾವೇರೀಲಿ ಕೆಮ್ಮಣ್ಣು ಬಂದಾಗ ನಮ್ಮಜ್ಜಿ ಕೊಡದಾಗೆ ಏಳು ಸುತ್ತು ಸುತ್ತೋಳು. ಕನ್ನಡಿ ಕಣೋ, ಕನ್ನಡಿ."

"ಮೀನಿಗೆ ಏನಾದ್ರೂ ಆದ್ರೆ?"

"ನಮ್ಮಜ್ಜಿ ತೊಂಬತ್ತು ವರ್ಸ ಕುಡುದ್ಲು. ಮೀನು ಅವಳಿಗಿಂತ ಮೇಲಾ?"

ತಿಮ್ಮರಾಜು ತಡೆಯಲು ಕೈ ಚಾಚಿದ. ಆದರೆ ಬೀದಿಯಲ್ಲಿ ಹತ್ತು ಜನ ಕುಂಚ ಹಿಡಿದು ನಿಂತಿದ್ದರು, ಬಿಸಿಲೇರುತ್ತಿತ್ತು. ನನ್ನ ಪಾವು ಬಿಟ್ಟು ನಿನ್ನ ಮೀನಿಗಾಗಿ ಬಂದಿದ್ದೇನೆ ಎಂಬ ಮುಖ ಮಾಡಿ ನಿಂತವನನ್ನು ಬೇಡ ಎನ್ನುವುದು ಆ ಓಣಿಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಮುಂದಿನ ಸಲ ತಿಮ್ಮರಾಜುವಿನ ಪಾವಿಗೆ ಕುಂಚ ಹಿಡಿಯುವವರೂ ಇವರೇ. ಮುನುಸ್ವಾಮಿ ಮೊಣಕೈವರೆಗೆ ಕೈ ಇಳಿಸಿ ಏಳು ಸುತ್ತು ಸುತ್ತಿದ. ಗಟ್ಟಿ ದೊಡ್ಡದಿದ್ದುದರಿಂದ ಇನ್ನೂ ಏಳು ಸುತ್ತಿದ. ಬಳಿಕ ಉಳಿದ ಗಂಜಿ ಹೊತ್ತುಕೊಂಡು ಹೋದ. ಪೂಂಗೊಡಿ ಹಳೇ ನೀರು ತುಂಬಿಕೊಂಡು ಹೋದಳು.

ಪಟಿಕ ಸುಳ್ಳಾಗಲಿಲ್ಲ. ಒಂಬತ್ತರ ಹೊತ್ತಿಗೆ ಗಂಜಿ ಒಡೆದು ಮೊಸರಿನ ಹಾಗೆ ತಳಕ್ಕಿಳಿಯಿತು. ಹತ್ತಕ್ಕೆ ಮೇಲಿನ ನೀರು ಎಷ್ಟು ತಿಳಿಯಾಯಿತೆಂದರೆ, ಪಾವು ಮುಗಿಸಿ ಕೈ ತೊಳೆಯಲು ಬಂದವರು ತೊಟ್ಟಿಯಲ್ಲಿ ನೀರೇ ಇಲ್ಲವೆಂದುಕೊಂಡರು. ಮುನುಸ್ವಾಮಿ ಎಲ್ಲರನ್ನೂ ಕರೆದು ತೋರಿಸಿದ.

"ನೋಡ್ರಪ್ಪಾ. ಆ ಕಡೆ ಗ್ವಾಡೆ ಮೇಲಿನ ಕ್ಯಾಲೆಂಡರ್ ಓದ್ಬೋದು."

ಕ್ಯಾಲೆಂಡರ್ ಓದಬಹುದಾಗಿತ್ತು. ಕ್ಯಾಲೆಂಡರಿಗೂ ಅವರಿಗೂ ನಡುವೆ ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು.

"ಮಲಗೈತೆ," ಅಂದ ಮುನುಸ್ವಾಮಿ.

"ಮೀನು ಅಂಗೆ ಮಲಗಾಕಿಲ್ಲ," ಅಂದಳು ದೊಡ್ಡಮುನಿಯಮ್ಮ.

ಆಗಲೇ ಫೋನು ಬಡಿಯಿತು. ಇಳಂಗೋ. "ಹೇಳಣ್ಣಾ, ಹತ್ತು ಮಿಸ್ಡ್ ಕಾಲ್ ಐತೆ. ಮೀನು ಆರಾಮಾ?" ಫೋನಿನ ಮೇಲೆ ಹೊತ್ತು ಹತ್ತೂ ಕಾಲು ಎಂದು ತೋರಿಸುತ್ತಿತ್ತು. ತಿಮ್ಮರಾಜು ಆ ಅಂಕಿಗಳನ್ನೇ ಸ್ವಲ್ಪ ಹೊತ್ತು ನೋಡಿದ. ಪಾವಿಗೆ ಬಂದಿದ್ದವರಿಗೆಲ್ಲ ಒಟ್ಟಿಗೇ ಮನೆಯಲ್ಲಿ ಕೆಲಸ ನೆನಪಾಯಿತು.

ಸತ್ತ ಮೀನನ್ನು ಪೂಂಗೊಡಿ ಕೇಳಿ ಇಸಕೊಂಡಳು. ಬುಡದಲ್ಲಿ ಹೂತರೆ ಮಲ್ಲಿಗೆ ಬುಟ್ಟಿಗಟ್ಟಲೆ ಬಿಡುತ್ತದಂತೆ. ಹೂಳಲು ಗುಂಡಿ ತೋಡಿ, ಮೀನು ತರಲು ತಿರುಗಿದಾಗ ಅಲ್ಲಿ ಅವಳ ಬೆಕ್ಕು ಮಾತ್ರ ಇತ್ತು. ಬೆಕ್ಕು ಮೀಸೆ ಒರೆಸಿಕೊಳ್ಳುತ್ತಿತ್ತು. ಅದಕ್ಕೆ ಪುರಟಾಸಿ ಇರಲಿಲ್ಲ.

ತಿಮ್ಮರಾಜು ಮೊಪೆಡ್ಡು ಹತ್ತಿದ.

ಇಳಂಗೋ ಎಲ್ಲವನ್ನೂ ಕೇಳಿದ. ಗಂಜಿಗೆ ತಲೆಯಾಡಿಸಿದ. ಪಟಿಕ ಎಂದಾಗ ಕಣ್ಣು ಮುಚ್ಚಿಕೊಂಡ. "ಪಟಿಕ ಹಾಕಿದ್ರೆ ನೀರು ಪೂರಾ ಹುಳಿ ಆಗುತ್ತಣ್ಣಾ. ಆಸಿಡ್. ಅದು ತಡ್ಕೊಳ್ಳುತ್ತಾ?" ಎಂದವನು ನೂರಾರು ಕಿತ್ತಳೆ ಮೀನುಗಳಿದ್ದ ಸಿಮೆಂಟು ತೊಟ್ಟಿಯ ಮುಂದೆ ಅವನನ್ನು ಬಿಟ್ಟ. ತಿಮ್ಮರಾಜು ಒಂದೂವರೆ ಗಂಟೆ ಅಲ್ಲಿ ಮಂಡಿಯೂರಿ ಕೂತ. ಹರಿದ ಎಳೆಯನ್ನು ಮೂರು ಸಾವಿರ ಎಳೆಗಳ ನಡುವೆ ಹುಡುಕುವ ಕಣ್ಣು ಅದು. ಕೊನೆಗೂ ಸಿಕ್ಕಿತು. ಅದೇ ಗಾತ್ರ, ಅದೇ ಬಾಲ, ಕಣ್ಣಿನ ಮೇಲೆ ಅದೇ ಸಾಸಿವೆಯಷ್ಟು ಮಚ್ಚೆ.

"ಇದು ಎಡಗಣ್ಣು," ಅಂದ ತಿಮ್ಮರಾಜು.

"ಕಣ್ಣು ಕಣ್ಣೇ ಅಲ್ವಾಣ್ಣಾ? ಎಡ ಬಲ ಯಾರು ನೋಡ್ತಾರೆ?"

ಬೇರೆ ದಾರಿ ಇರಲಿಲ್ಲ. ಇಳಂಗೋ ತನ್ನ ತೊಟ್ಟಿಯ ಹಳೇ ನೀರನ್ನೇ ಎರಡು ಕ್ಯಾನು ತುಂಬಿಸಿ ಕೊಟ್ಟ. "ಆ ಪಟಿಕದ ನೀರು ಒಂದು ತೊಟ್ಟೂ ಉಳಿಸ್ಬೇಡ. ಮುಕ್ಕಾಲು ಭಾಗ ನನ್ನ ನೀರು, ಮೀನಿಗೆ ಇದು ಗೊತ್ತಿರೋ ನೀರು. ಕಾಲು ಭಾಗ ನಿನ್ನ ನಲ್ಲಿ ನೀರು. ಈ ಔಷಧಿ ಬಕೆಟ್ಟಿಗೆ ಎರಡು ತೊಟ್ಟು ಬಿಡು, ಬ್ಲೀಚಿಂಗ್ ಹೋಗುತ್ತೆ. ಚೀಲ ಅರ್ಧ ಗಂಟೆ ತೇಲಿಸಿ ಆಮೇಲೆ ಮೀನು ಬಿಡು. ಅಣ್ಣಾ, ಇನ್ನೊಂದು. ಬಾಗಿಲು ಹಾಕ್ಕೊಂಡು ಮಾಡು."

ಬಾಗಿಲು ಹಾಕಿಕೊಂಡೇ ಮಾಡಿದ. ಮುನುಸ್ವಾಮಿ ಎರಡು ಸಲ, ಪೂಂಗೊಡಿ ಮೂರು ಸಲ ತಟ್ಟಿದರು. ತೆರೆಯಲಿಲ್ಲ. ತೊಟ್ಟಿ ತೊಳೆದ. ಎರಡು ಕ್ಯಾನು ಸುರಿದಾಗ ನೀರು ಬಂದು ಸರಿಯಾಗಿ ಬೆಳಗ್ಗಿನ ಗೆರೆಯ ಮೇಲೆ ನಿಂತಿತು. ಗೆರೆಯಿಂದ ಮೇಲೆ ಕಾಲು ಭಾಗ, ಎರಡು ತೊಟ್ಟು ಔಷಧಿಯ ನೀರು. ಚೀಲ ತೇಲಿಸಿದ, ಅರ್ಧ ಗಂಟೆ ಗೋಡೆಗೊರಗಿ ಕಾದ, ಚೀಲದ ಬಾಯಿ ಬಿಚ್ಚಿದ. ಮೀನು ಹೊರಬಂದು ನಾಲ್ಕೂ ಮೂಲೆಗಳನ್ನು ನೋಡಿತು. ಬಾಯಿ ಬಾಯಿ ಬಿಡಲಿಲ್ಲ. ಅವನು ಬೆರಳ ತುದಿಯಿಂದ ಒಂದು ಚೂರು ತಿಂಡಿ ಬಿಟ್ಟ. ಬಂದು ತಿಂದಿತು. ಬೆರಳನ್ನೂ ಒಮ್ಮೆ ಮುಟ್ಟಿ ನೋಡಿತು.

ತಿಮ್ಮರಾಜು ಇನ್ನೊಂದು ಚೂರು ಬಿಟ್ಟ. ಹಿಂದೆ ಗಿಳಿಗೆ ತಿನ್ನಿಸಿದಾಗ ಅದು ಕಚ್ಚಿತ್ತು.

ಸಂಜೆ ಐದಕ್ಕೆ ಓಣಿಯ ಬಾಯಲ್ಲಿ ಕಾರು ನಿಂತಿತು. ಸುಬ್ಬರಾಯನ್ ಒಳಗೆ ಬರುವ ಮೊದಲೇ ಮುನುಸ್ವಾಮಿ ತನ್ನ ಮನೆಯಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಟವಲಿನಿಂದ ಒರೆಸಿ ಹಾಕಿದ. ಪೂಂಗೊಡಿ ಬಾಗಿಲಲ್ಲಿ ನಿಂತಳು. ಸುಬ್ಬರಾಯನ್ ಕೂತ. ಅವನ ಬಲಹುಬ್ಬಿನ ಮೇಲೆ ಕಡಲೆಕಾಳಿನಷ್ಟು ಕಪ್ಪು ಮಚ್ಚೆ ಇತ್ತು. ಇಷ್ಟು ವರ್ಷ ದಿನವೂ ನೋಡಿದ್ದ ಆ ಮಚ್ಚೆಯನ್ನು ತಿಮ್ಮರಾಜು ಇವತ್ತು ಮೊದಲ ಸಲ ಗಮನಿಸಿದ.

ಮೀನು ಎಡಕ್ಕೆ ಈಜುತ್ತಿತ್ತು. ಮಚ್ಚೆ ಕಾಣುತ್ತಿತ್ತು. ಅಲ್ಲೇ ಇರಪ್ಪಾ, ತಿರುಗಬೇಡ, ಎಂದು ತಿಮ್ಮರಾಜು ಎಡಮೂಲೆಯಲ್ಲಿ ತಿಂಡಿಯ ಮೇಲೆ ತಿಂಡಿ ಉದುರಿಸಿದ.

ಸುಬ್ಬರಾಯನ್ ಮೀನನ್ನು ನೋಡಿದ. ಅಳತೆಗೆ ಒಂದು ಮೊಳ ಕಡಿಮೆ ಬಂದ ಸೀರೆಯನ್ನು ಹಿಡಿದಾಗ ಆಗುವಂತೆ ಅವನ ಮುಖ ಇಳಿಯಿತು.

"ಇನ್ನೂ ಐತಾ?"

"ಐತೆ ಸಾವ್ಕಾರ್ರೇ. ಕಲ್ಲುಗುಂಡು ಇದ್ದಂಗೈತೆ."

"ಏನೂ ಆಗ್ಲಿಲ್ವಾ? ಒಂದಿವ್ಸನೂ?"

"ಆಗಾಕೆ ಬಿಡ್ತೀನಾ? ಕಾಲು ಭಾಗ ನೀರು ತೆಗೀತೀನಿ, ಕಾಲು ಭಾಗ ಆಕ್ತೀನಿ."

ಸುಬ್ಬರಾಯನ್ ಗೋಡೆಯ ಕ್ಯಾಲೆಂಡರ್ ನೋಡಿದ, ಗಡಿಯಾರ ನೋಡಿದ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಇನ್ನು ಒಂದು ಗಂಟೆಗೆ ಅಮಾಸೆ ಇಡೀತದೆ. ನನ್ನ ಕತೆ ಮುಗೀತು. ಧರ್ಮಪುರಿ ಜೋಯ್ಸ ಆಗ್ಲೇ ಏಳಿದ್ದ, ಪುರಟಾಸಿ ಅಮಾಸೆ ಒಳಗೆ ನಿಂಗೆ ಕಂಟಕ ಐತೆ, ನಿನ್ನ ಗುರುತಿರೋ ಮೀನು ತಗೊಂಡು ಸಾಕು, ಕಂಟಕ ಅದು ತಗೊಂಡು ಓಗ್ತದೆ ಅಂತ. ನಾವಾಗಿ ಕೊಲ್ಲಂಗಿಲ್ಲ. ತಾನಾಗೇ ಸಾಯ್ಬೇಕು. ನಮ್ಮನೇಲಿ ಇಟ್ಕೊಂಡ್ರೆ ಎಲ್ಲಿ ಬದುಕ್ಬಿಡ್ತದೋ ಅಂತ ನಿಂಗೆ ತಂದು ಕೊಟ್ನಲ್ಲೋ!"

ತಿಮ್ಮರಾಜು ತಿಂಡಿ ಉದುರಿಸುವುದನ್ನು ನಿಲ್ಲಿಸಿದ.

"ನಂಗೇ ಯಾಕೆ ಸಾವ್ಕಾರ್ರೇ?" ತಿಮ್ಮರಾಜು ಕೇಳಿದ.

"ಬೀದಿಯೆಲ್ಲಾ ವಿಚಾರಿಸ್ದೆ. ಯಾರ ಕೈಲಿ ಏನೂ ಉಳಿಯಾಕಿಲ್ಲ ಅಂತ. ಒಬ್ಬರಾದ್ರೂ ಇನ್ನೊಂದು ಎಸ್ರು ಏಳ್ಬೇಕಲ್ಲಾ? ಈ ಮುನುಸ್ವಾಮೀನೂ ನಿನ್ನೆಸ್ರೇ ಏಳ್ದ. ಗಿಳಿ, ಕೋಳಿ, ನುಗ್ಗೆಮರ. ಎಲ್ಲಾ ಲಿಸ್ಟು ಕೊಟ್ಟ. ನಂಬಿದ್ದೆ ನಿನ್ನ. ಯಾರ ಮೇಲೂ ಇಡದ ನಂಬ್ಕೆ ಇಟ್ಟಿದ್ದೆ."

ಮುನುಸ್ವಾಮಿ ಜಂತೆ ನೋಡುತ್ತಿದ್ದ. ತಿಮ್ಮರಾಜುವಿಗೆ ಏನೆಲ್ಲಾ ಹೇಳಬೇಕೆನಿಸಿತು. ಆದರೆ ಎದುರಿಗೆ ಐವತ್ತೆಂಟು ವರ್ಷದ ಮನುಷ್ಯ ಗಡಿಯಾರ ನೋಡುತ್ತಾ ಬೆವರುತ್ತಿದ್ದ.

"ಅದು ಸತ್ತೋಯ್ತು ಸಾವ್ಕಾರ್ರೇ. ಬೆಳಿಗ್ಗೆ. ಇದು ಬ್ಯಾರೆ ಮೀನು."

"ಈಗ ನನ್ನ ಸಮಾಧಾನಕ್ಕೆ ಸುಳ್ಳು ಏಳ್ತೀಯಾ?"

"ನಿಜ ಸಾವ್ಕಾರ್ರೇ. ಇಷ್ಟೊತ್ತು ಏಳಿದ್ದೇ ಸುಳ್ಳು."

"ಎಲ್ಲೈತೆ ಎಣ? ತೋರ್ಸು."

ಪೂಂಗೊಡಿ ಓಡಿಹೋಗಿ ಬೆಕ್ಕನ್ನು ಎತ್ತಿಕೊಂಡು ಬಂದು ಸಾವ್ಕಾರನ ಮುಖದ ಮುಂದೆ ಹಿಡಿದಳು. "ಇದರೊಳಗೆ ಐತೆ ಐಯಾ. ಸತ್ಯಮಾ."

ಸುಬ್ಬರಾಯನ್ ಬೆಕ್ಕನ್ನು ನೋಡಿದ. ಬೆಕ್ಕು ಆಕಳಿಸಿತು. ಅದನ್ನು ಯಾವ ಜೋಯಿಸನೂ ಸಾಕ್ಷಿಯೆಂದು ಒಪ್ಪುವಂತಿರಲಿಲ್ಲ.

"ಮಚ್ಚೆ ನೋ‌ಡಿ!" ತಿಮ್ಮರಾಜು ಕೂಗಿದ. "ಅದಕ್ಕೆ ನಿಮ್ಮಂಗೆ ಬಲಗಡೆ. ಇದಕ್ಕೆ ಎಡಗಡೆ. ಈಗ ತಿರುಗ್ತದೆ, ನೋಡಿ."

ಎಲ್ಲರೂ ಗಾಜಿಗೆ ಮೂಗು ಹಚ್ಚಿದರು. ಮೀನು ತಿರುಗಲಿಲ್ಲ. ಎಡಮೂಲೆಯಲ್ಲಿ ಅಷ್ಟೊಂದು ತಿಂಡಿ ಬಿದ್ದಿತ್ತು. ಬಲಕ್ಕೆ ಹೋಗಲು ಅದಕ್ಕೆ ಕಾರಣವೇ ಇರಲಿಲ್ಲ. ತಿಮ್ಮರಾಜು ಗಾಜು ತಟ್ಟಿದ. ಮುನುಸ್ವಾಮಿ ಶಿಳ್ಳೆ ಹಾಕಿದ. ಕೊನೆಗೆ ದೊಡ್ಡಮುನಿಯಮ್ಮ ಬಂದು ಬೆಕ್ಕನ್ನು ಇಸಕೊಂಡು ಎಡಮೂಲೆಯ ಗಾಜಿಗೆ ಹಿಡಿದಳು. ಮೀನು ಒಂದೇ ಏಟಿಗೆ ತಿರುಗಿ ಬಲಕ್ಕೆ ಹೊರಟಿತು. ಬಲಗಣ್ಣಿನ ಮೇಲೆ ಏನೂ ಇರಲಿಲ್ಲ.

ಸುಬ್ಬರಾಯನ್ ತನ್ನ ಬಲಹುಬ್ಬನ್ನು ಮುಟ್ಟಿ ನೋಡಿಕೊಂಡ.

"ಎಷ್ಟೊತ್ತಿಗೆ ಓಯ್ತು?"

"ಹತ್ತೂ ಕಾಲಿಗೆ."

"ಮುರುಗಾ!" ಸಾವ್ಕಾರ ಕೈ ಮುಗಿದ. "ಹತ್ತೂ ಕಾಲಿಗೆ ನಾನು ಓಮಲೂರು ಶೆಡ್ಡಲ್ಲಿದ್ದೆ ಕಣೋ. ಸೂಪರ್‌ವೈಸರ್ ಕುರ್ಚೀಲಿ ಕೂತ್ಕೊಂಡು ಫೋನಲ್ಲಿ ಮಾತಾಡ್ತಾ ಇದ್ದೆ. ಸಿಗ್ನಲ್ ಇಲ್ಲ ಅಂತ ಎದ್ದು ಈಚೆಗೆ ಬಂದೆ. ಬಂದೆ, ಮ್ಯಾಲಿಂದ ಫ್ಯಾನು ಬಿತ್ತು. ಕುರ್ಚಿ ಎರಡು ತುಂಡು."

"ಆ ಕುರ್ಚೀನಾ?" ತಿಮ್ಮರಾಜು ಕೇಳಿದ. "ಕರೇದು? ತಿರುಗೋದು?"

"ಇನ್ನೆಲ್ಲಿ ತಿರುಗ್ತದೆ? ಪ್ಲಾಸ್ಟಿಕ್ಕೂ ಬಿಚ್ಚಿರ್ಲಿಲ್ಲ. ಓಗ್ಲಿ ಬಿಡು, ಮುನುಸ್ವಾಮಿ ಸ್ಟೂಲ್ ಮೇಲೆ ಕೂತ್ಕೋತಾನೆ."

"ಮುನುಸ್ವಾಮಿನಾ?"

"ಸೂಪರ್‌ವೈಸರ್ ಕೆಲ್ಸ ಅವನಿಗೇ ಅಂತ ಕಳ್ದ ವಾರಾನೇ ಆಗಿತ್ತಲ್ಲಾ. ಏಳ್ಲಿಲ್ವಾ ನಿಂಗೆ?"

ಮುನುಸ್ವಾಮಿ ಇನ್ನೂ ಜಂತೆಯನ್ನೇ ನೋಡುತ್ತಿದ್ದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಸಾವ್ಕಾರ್ರೇ," ಅಂದ ತಿಮ್ಮರಾಜು ನಿಧಾನವಾಗಿ. "ಮೀನು ಕೊಂದಿದ್ದು ನಾನಲ್ಲ. ಪಟಿಕ ಆಕಿದ್ದು ಇವ್ನು."

"ನಾನಾ?" ಮುನುಸ್ವಾಮಿ ಜಂತೆಯಿಂದ ಕೆಳಗಿಳಿದ. "ಬೆಳಿಗ್ಗೆಯಿಂದ ಪಾವು ಬಿಟ್ಟು ಅಲ್ಲಾಡಿಲ್ಲ ನಾನು."

"ನೋಡ್ದಾ?" ಸುಬ್ಬರಾಯನ್ ಮುನುಸ್ವಾಮಿಯ ಕಡೆ ತಿರುಗಿದ. "ಮಾಡಿದ್ದು ತಾನು, ಎಸ್ರು ಇನ್ನೊಬ್ಬರಿಗೆ ಕೊಡ್ತಾನೆ. ಇಂಥ ಮನ್ಸ ಎಲ್ಲಿ ಸಿಗ್ತಾನೆ? ಲೇ ತಿಮ್ಮರಾಜು, ಇನ್ನ ಮ್ಯಾಲೆ ಗುಳಿ ಇಳಿಯೋ ಕೆಲ್ಸ ಬ್ಯಾಡ ನಿಂಗೆ. ನಮ್ಮನೆ ಪಕ್ಕದ ರೂಮು ಖಾಲಿ ಮಾಡಿಸ್ತೀನಿ. ಐದು ತೊಟ್ಟಿ ಇಡಿಸ್ತೀನಿ. ನಮ್ಮೋಳಿಗೆ ಸೊಂಟನೋವು, ಅವಳೆಸ್ರಲ್ಲೊಂದು. ಅಳಿಯನಿಗೆ ಕೋರ್ಟು ಕೇಸು, ಅವನಿಗೊಂದು. ಶೆಡ್ಡಿಗೆ ದೃಷ್ಟಿ ಆಗೈತೆ, ಅದಕ್ಕೆರಡು. ಈ ಎಡಗಣ್ಣಿಂದು ನನ್ನ ಮಗನ ಎಸ್ರಲ್ಲಿರ್ಲಿ, ಅವನಿಗೂ ಎಡಗಡೇನೇ ಮಚ್ಚೆ. ದೀಪಾವಳಿ ಒಳಗೆ ಆದ್ರೆ ಸಾಕು, ಅರ್ಜೆಂಟಿಲ್ಲ. ತಿಂಗಳ ಸಂಬಳ. ಮುನುಸ್ವಾಮಿಗಿಂತ ಮ್ಯಾಲೆ. ನೀನು ಏನೂ ಮಾಡ್ಬೇಕಾಗಿಲ್ಲ. ಸಾಕಿದ್ರೆ ಸಾಕು. ಎಲ್ಲಾ ಕೂತ್ಕೊಂಡೇ."

ದೊಡ್ಡಮುನಿಯಮ್ಮ ಬೆಕ್ಕನ್ನು ಪೂಂಗೊಡಿಗೆ ವಾಪಸು ಕೊಟ್ಟಳು. "ಒಳ್ಳೆ ಕೆಲ್ಸ ಕಣ್ಲಾ," ಅಂದಳು ಮೆಲ್ಲಗೆ. "ಮಂಡಿಗೆ ಒಳ್ಳೇದು."

ಮಂಡಿಗಳು ಬೆಳಗಿನಿಂದ ನಿಂತೇ ಇದ್ದವು. ನಡುವೆ ಒಂದೂವರೆ ಗಂಟೆ ಸಿಮೆಂಟು ತೊಟ್ಟಿಯ ಮುಂದೆ ಊರಿದ್ದವು. ತೊಟ್ಟಿಯಲ್ಲಿ ಮೀನು ಬೆಕ್ಕು ಹೋದದ್ದನ್ನು ಖಾತ್ರಿ ಮಾಡಿಕೊಂಡು ಎಡಮೂಲೆಗೆ ಮರಳಿತ್ತು. ತಿಂಡಿ ವಿಪರೀತ ಬಿದ್ದಿತ್ತು. ನೀರು ಕದಡುತ್ತದೆ. ನಾಳೆ ಮತ್ತೆ ಕಾಲು ಭಾಗ ತೆಗೆಯಬೇಕು, ಕಾಲು ಭಾಗ ಹಾಕಬೇಕು. ಹಂಡೆ ತೊಳೆದು ಇವತ್ತೇ ನೀರು ಹಿಡಿದಿಡಬೇಕು. ಅದಕ್ಕೊಂದು ಮುಚ್ಚಳ ಬೇಕು. ಬೀಗವೂ ಬೇಕು.

ಸುಬ್ಬರಾಯನ್ ತಾನೇ ಎದ್ದ. ಇಪ್ಪತ್ತನಾಲ್ಕು ವರ್ಷದಲ್ಲಿ ಯಾವ ನೇಕಾರನಿಗೂ ಮಾಡದ ಕೆಲಸವೊಂದನ್ನು ಮಾಡಿದ. ತಾನು ಕೂತಿದ್ದ ಕೆಂಪು ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ತಂದು, ತಿಮ್ಮರಾಜುವಿನ ಹಿಂದೆ ಇಟ್ಟ.

"ಕೂತ್ಕೋ ಬಾ. ಕೂತು ಮಾತಾಡಣ."

ತಿಮ್ಮರಾಜು ತಿರುಗಿ ಕುರ್ಚಿಯನ್ನು ನೋಡಿದ, ತೊಟ್ಟಿಯಲ್ಲಿದ್ದ ಮೀನನ್ನೂ ನೋಡಿದ.

"ಬ್ಯಾಡ," ಅಂದ.